ಹೆರಿಗೆಯಾಗಿ 12 ವರ್ಷದ ಮೇಲೆ ಸಿಕ್ಕ ಕಾಯಿಲೆ: ಒಂದು ಪ್ರಕರಣ ಅಧ್ಯಯನ

ಕಲಬುರಗಿ, ಯಾದಗಿರಿ ಕಡೆಯ ಹಳ್ಳಿ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಯುವ ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಓದಲಿ ಎಂದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನಾನು ಕಲಬುರಗಿಯಲ್ಲಿ ಫಿಜಿಶಿಯನ್. ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಮಹಾದೇವಿ ಎಂದು ಕರೆಯುತ್ತೇನೆ.

ಕಾಯಿಲೆಯ ಹೆಸರು ಶೀಹನ್ ಸಿಂಡ್ರೋಮ್. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮುಂಭಾಗ ಸತ್ತುಹೋಗುವ ಸ್ಥಿತಿ ಇದು. ಹೆಸರನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಅಷ್ಟು ವರ್ಷ ಅದು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ, ಅನುಮಾನ ಬಂದ ಮೇಲೆ ಯಾವ ಔಷಧಿ ಮೊದಲು ಕೊಟ್ಟೆವು, ಮನೆಗೆ ಕಳಿಸಿದ ಮೇಲೆ ಏನಾಯಿತು ಎಂಬುದೇ ಇಲ್ಲಿ ಮುಖ್ಯ.

ಹಿನ್ನೆಲೆ

ಮಹಾದೇವಿಗೆ ಆಗ 34 ವರ್ಷ. ಭೀಮಾ ದಂಡೆಯ ಒಂದು ಹಳ್ಳಿ. ಸ್ವಲ್ಪ ತೊಗರಿ ಹೊಲ ಇದೆ. ಗಂಡ ವರ್ಷದಲ್ಲಿ ಅರ್ಧ ಕಾಲ ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಒಬ್ಬಳೇ ಮಗಳು, ಏಳನೇ ಕ್ಲಾಸು. ಮದುವೆಯಾದ ಹೊಸದರಲ್ಲಿ ಮಹಾದೇವಿ ಎಲ್ಲರಿಗಿಂತ ಮುಂದೆ ಸಾಲು ಹಿಡಿದು ಕಳೆ ತೆಗೆಯುತ್ತಿದ್ದರಂತೆ. "ಈಗ ನೋಡ್ರಿ, ಒಂದ್ ಕೊಡ ನೀರ ತಂದ್ರ ಕುಂತೇ ಬಿಡ್ತಾಳ" ಎಂದು ಅವರ ತಾಯಿ ಹೇಳಿದರು.

ಅವರ ಜೊತೆ ಒಂದು ಕೈಚೀಲ ಬಂದಿತ್ತು. ಅದರ ತುಂಬ ಹಳೆಯ ಚೀಟಿಗಳು, ಲ್ಯಾಬ್ ರಿಪೋರ್ಟ್‌ಗಳು. ಅವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಓದಿದರೆ ಒಬ್ಬ ಹೆಣ್ಣುಮಗಳು ಎಲ್ಲೆಲ್ಲಿ ಅಲೆದಿದ್ದಾಳೆ ಅಂತ ಗೊತ್ತಾಗುತ್ತಿತ್ತು. ಮೊದಲ ಕೆಲವು ವರ್ಷ ರಕ್ತ ಕಮ್ಮಿ ಎಂದು ಕಬ್ಬಿಣದ ಮಾತ್ರೆ, ಟಾನಿಕ್. ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲೇ ನಿಂತಿತ್ತು, ಮೇಲೆ ಹೋಗಲೇ ಇಲ್ಲ. ಆಮೇಲೆ ಬಿ12 ಇಂಜೆಕ್ಷನ್. ಆಮೇಲೆ ಮುಟ್ಟು ಬರಲಿ ಎಂದು ಮಾತ್ರೆ. ಬರಲಿಲ್ಲ. ಮತ್ತೆ ಹೋಗುವುದನ್ನು ಅವರೇ ಬಿಟ್ಟರು. ನಂತರ ಕೈಕಾಲು ನೋವಿಗೆ ಕ್ಯಾಲ್ಸಿಯಂ. ಕೊನೆಯ ಮೂರು ವರ್ಷ ಖಿನ್ನತೆಯ ಮಾತ್ರೆ. ಖಿನ್ನತೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಯಾವಾಗಲೂ ಮಲಗಿರುವ, ಮಾತು ನಿಧಾನವಾದ, ಯಾವುದರಲ್ಲೂ ಆಸೆ ಇಲ್ಲದ ಹೆಂಗಸನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ನಡುನಡುವೆ ಎಷ್ಟೋ ಸಲ ಊರಲ್ಲೇ ಸಲೈನ್ ಹಚ್ಚಿಸಿಕೊಂಡಿದ್ದರು. ಹಚ್ಚಿದಾಗ ನಾಲ್ಕು ದಿನ ಚೆನ್ನಾಗಿರುತ್ತಿದ್ದರು. ಮತ್ತೆ ಅದೇ ಸುಸ್ತು. ಈ ನಾಲ್ಕು ದಿನದ ಸುಖವೇ ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟಿತು ಎಂದು ನನಗೆ ಈಗ ಅನಿಸುತ್ತದೆ. ಸಲೈನ್ ಬಾಟಲಿಯಲ್ಲಿ ಉಪ್ಪಿದೆ, ಕೆಲವು ಬಾಟಲಿಯಲ್ಲಿ ಸಕ್ಕರೆಯೂ ಇರುತ್ತದೆ. ಅವರ ಮೈಯಲ್ಲಿ ಕಮ್ಮಿ ಇದ್ದದ್ದೂ ಅವೇ ಎರಡು. ಹಾಗಾಗಿ ನಿಜಕ್ಕೂ ಆರಾಮ ಅನಿಸುತ್ತಿತ್ತು. ಪದೇ ಪದೇ ಸಲೈನ್ ಕೇಳಿಕೊಂಡು ಬರುವ, ಹಚ್ಚಿದಾಗ ಎದ್ದು ಓಡಾಡುವ ರೋಗಿ ಸಿಕ್ಕರೆ ಸುಮ್ನೆ ಚಟ ಎಂದುಕೊಳ್ಳಬೇಡಿ. ಆ ಸುಧಾರಣೆಯೇ ಒಂದು ಸುಳಿವು.

ಮನೆಯಲ್ಲಿ ಹೆಸರು ಬೇರೆಯೇ ಬಿದ್ದಿತ್ತು. ಮೈಗಳ್ಳಿ ಅಂದರು. ಗಾಳಿ ಬಡಿದಿದೆ ಅಂದರು. ಗುಡಿ, ದರ್ಗಾ ಎರಡಕ್ಕೂ ಹರಕೆ ಹೊತ್ತರು. ಎರಡನೇ ಮಗು ಆಗಲಿಲ್ಲ ಎಂಬ ಮಾತು ಮನೆಯೊಳಗೆ ಇದ್ದೇ ಇತ್ತು. ಅತ್ತೆ ಕೆಟ್ಟವರಲ್ಲ. ಎರಡು ಆಳಿನ ಕೆಲಸ ಒಬ್ಬರೇ ಮಾಡಿ ದಣಿದವರು. ಸೊಸೆ ಮಧ್ಯಾಹ್ನ ಮಲಗಿದ್ದು ಕಂಡರೆ ಅವರಿಗೂ ಸಿಟ್ಟು ಬರುತ್ತಿತ್ತು.

ಬಂದ ದಿನ

ಮೇ ತಿಂಗಳು. ಬಿಸಿಲು 42 ಡಿಗ್ರಿ ದಾಟಿತ್ತು. ಬೆಳಿಗ್ಗೆ ಮನೆಯಲ್ಲಿ ಫಿಟ್ಸ್ ಬಂದು, ಕರೆತರುವಾಗ ಗಾಡಿಯಲ್ಲಿ ಇನ್ನೊಮ್ಮೆ ಬಂದು, ಪ್ರಜ್ಞೆ ಸರಿಯಾಗಿ ಇಲ್ಲದ ಸ್ಥಿತಿಯಲ್ಲಿ ಕರೆತಂದರು. ಬಿಸಿಲು ಬಡಿದಿದೆ ಎಂದು ಮನೆಯವರು ಗಟ್ಟಿಯಾಗಿ ನಂಬಿದ್ದರು. ಆ ವಾರ ಅಂಥವರು ಬಂದಿದ್ದರಿಂದ ನಮಗೂ ಮೊದಲು ಅದೇ ಹೊಳೆಯಿತು. ಆದರೆ ಮೈ ಮುಟ್ಟಿದರೆ ತಣ್ಣಗಿತ್ತು. ಬಿಸಿಲು ಬಡಿದವರ ಮೈ ಸುಡುತ್ತಿರುತ್ತದೆ.

ಬಿಪಿ 76/50. ಗ್ಲುಕೋಮೀಟರ್‌ನಲ್ಲಿ ಸಕ್ಕರೆ 46. ತಕ್ಷಣ ಡೆಕ್ಸ್‌ಟ್ರೋಸ್ ಕೊಟ್ಟೆವು. ಸ್ವಲ್ಪ ಕಣ್ಣು ಬಿಟ್ಟರು, ಮಾತು ಮಾತ್ರ ತಡವರಿಸುತ್ತಿತ್ತು. ಮೆದುಳಿನ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಅಷ್ಟರಲ್ಲಿ ರಕ್ತದ ರಿಪೋರ್ಟ್ ಬಂತು. ಸೋಡಿಯಂ 110. ಇರಬೇಕಾದ್ದು 135ರಿಂದ 145. ಪೊಟ್ಯಾಸಿಯಂ 4.1, ಅಂದರೆ ಸರಿಯಾಗೇ ಇತ್ತು.

ಫಿಟ್ಸ್‌ಗೆ ಕಾರಣ ಸಿಕ್ಕಿತು. ಸೋಡಿಯಂ ಇಷ್ಟು ಕೆಳಗೆ ಬಂದರೆ ನೀರು ಮೆದುಳಿನ ಜೀವಕೋಶಗಳ ಒಳಗೆ ನುಗ್ಗುತ್ತದೆ, ಮೆದುಳು ಊದಿಕೊಳ್ಳುತ್ತದೆ. 3 ಪರ್ಸೆಂಟ್ ಸಲೈನ್ 100 ಎಂಎಲ್ ಕೊಟ್ಟೆವು. ಸೋಡಿಯಂ 113ಕ್ಕೆ ಬಂತು, ಫಿಟ್ಸ್ ನಿಂತಿತು. ಸೋಡಿಯಂ ಯಾಕೆ ಇಳಿಯಿತು ಎಂಬ ಪ್ರಶ್ನೆ ಹಾಗೇ ಉಳಿಯಿತು. ಎರಡು ಲೀಟರ್ ಸಾದಾ ಸಲೈನ್ ಹೋದರೂ ಬಿಪಿ 84 ದಾಟಲಿಲ್ಲ.

ಜೊತೆಗಿದ್ದ ಕಿರಿಯ ವೈದ್ಯರು ಸೋಂಕು ರಕ್ತಕ್ಕೆ ಹಬ್ಬಿರಬಹುದು ಅಂದರು. ತಪ್ಪು ಯೋಚನೆ ಅಲ್ಲ. ಬಿಪಿ ಏಳದ ರೋಗಿಯಲ್ಲಿ ಅದನ್ನು ಮೊದಲು ಯೋಚಿಸಲೇಬೇಕು. ರಕ್ತದ ಕಲ್ಚರ್ ತೆಗೆದು ಆಂಟಿಬಯಾಟಿಕ್ ಶುರು ಮಾಡಿದೆವು. ಬಿಪಿ ಏರಿಸುವ ಔಷಧಿಯ ಪಂಪ್ ಹಚ್ಚಬೇಕೇ ಎಂದು ಮಾತಾಡುತ್ತಿದ್ದೆವು.

ಗಂಡ ಪುಣೆಯಿಂದ ಹೊರಟಿದ್ದರು. ಮನೆಯವರಲ್ಲಿ ಮಾತಾಡುವ ಸ್ಥಿತಿಯಲ್ಲಿ ಇದ್ದವರು ಅಣ್ಣ ಒಬ್ಬರೇ. ಅವರ ಹತ್ತಿರ ಹೊಸ ಔಷಧಿ ಏನಾದರೂ ಶುರುವಾಗಿತ್ತಾ ಎಂದು ಕೇಳಿದಾಗ ಜೇಬಿನಿಂದ ಒಂದು ಚೀಟಿ ತೆಗೆದರು. ಹನ್ನೆರಡು ದಿನದ ಹಿಂದೆ ಒಂದು ಕ್ಲಿನಿಕ್‌ನಲ್ಲಿ ಥೈರಾಯ್ಡ್ ಕಮ್ಮಿ ಇದೆ ಎಂದು ಥೈರಾಕ್ಸಿನ್ 100 ಮೈಕ್ರೋಗ್ರಾಂ ಬರೆದಿದ್ದರು. ಅದನ್ನು ತಗೊಂಡ ಐದಾರು ದಿನಕ್ಕೆ ವಾಂತಿ ಶುರುವಾಗಿದೆ. ಊಟ ಬಿಟ್ಟಿದ್ದಾರೆ. ಸುಸ್ತು ಕಮ್ಮಿಯಾಗಬೇಕಿದ್ದ ಮಾತ್ರೆಯಿಂದ ಸುಸ್ತು ಜಾಸ್ತಿಯಾಗಿದೆ. ಈ ವಿಷಯ ಮನಸ್ಸಿನಲ್ಲಿ ಕೊರೆಯತೊಡಗಿತು.

ನರ್ಸ್ ನೋಡಿದ್ದು

ದಿಕ್ಕು ಬದಲಾಗಿದ್ದು ಥರ್ಮಾಮೀಟರ್‌ನಿಂದ. ಮಧ್ಯಾಹ್ನದ ಪಾಳಿಯ ನರ್ಸ್ ಜ್ವರ ನೋಡಲು ತೋಳೆತ್ತಿದವರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಮೇಡಮ್, ಇವರ ಬಗಲಾಗ ಒಂದು ಕೂದಲೂ ಇಲ್ರಿ. ಬೋಳಿಸಿದ್ದಲ್ಲ. ಚರ್ಮ ಕೂಸಿನ ಚರ್ಮದಂಗ ಅದ."

ನಾನು ಮತ್ತೆ ಮೊದಲಿನಿಂದ ನೋಡಿದೆ. ಮುಖ ಬಿಳಿಚಿಕೊಂಡಿತ್ತು, ಸ್ವಲ್ಪ ಊದಿತ್ತು. ಬಾಯಿಯ ಸುತ್ತ, ಕಣ್ಣಿನ ಸುತ್ತ ಎಳೆ ಎಳೆಯಾದ ಸುಕ್ಕು, 34 ವರ್ಷಕ್ಕೆ ಬರುವಂಥದ್ದಲ್ಲ. ಹುಬ್ಬಿನ ಹೊರತುದಿ ತೆಳುವಾಗಿತ್ತು. ಬಿಸಿಲಲ್ಲಿ ಹೊಲದ ಕೆಲಸ ಮಾಡಿದ ಮೈಯಾದರೂ ಅಂಗೈ ಗೆರೆ, ಮೊಣಕೈ ಎಲ್ಲೂ ಕಪ್ಪಾಗಿರಲಿಲ್ಲ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ಪಾದ ಕೆಳಗೆ ಹೋಯಿತು. ಆದರೆ ತಕ್ಷಣ ವಾಪಸ್ ಬರಲಿಲ್ಲ. ಒಂದು ಕ್ಷಣ ಅಲ್ಲೇ ನಿಂತು, ಆಮೇಲೆ ನಿಧಾನಕ್ಕೆ ಮೇಲೆ ಬಂತು. ಥೈರಾಯ್ಡ್ ಹಾರ್ಮೋನ್ ತುಂಬಾ ದಿನದಿಂದ ಕಮ್ಮಿ ಇದ್ದವರಲ್ಲಿ ಹೀಗಾಗುತ್ತದೆ.

ಅಷ್ಟು ಹೊತ್ತಿಗೆ ತಾಯಿ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಅವರ ಪಕ್ಕ ಕೂತು ಕೇಳಿದೆ.

"ಅವ್ವಾ, ಇಕಿ ಹಡದಾಗ ರಕ್ತ ಭಾಳ ಹೋಗಿತ್ತೇನು?"

"ಭಾಳ ಅಂದ್ರ ಭಾಳ್ರಿ. ಮನ್ಯಾಗೇ ಹಡದಾಳ. ಕೂಸು ನಸುಕಿನ್ಯಾಗ ಆಯ್ತು. ಮಾಸ ಬೀಳಲೇ ಇಲ್ಲ. ಎರಡು ಕೌದಿ ತೊಯ್ದು ಹೋದ್ವು. ಟಂಟಂನ್ಯಾಗ ಹಾಕ್ಕೊಂಡು ದವಾಖಾನಿಗಿ ಒಯ್ದೀವಿ. ಎರಡು ಬಾಟ್ಲಿ ರಕ್ತ ಹಾಕಿದ್ರು. ಸತ್ತು ಬದುಕ್ಯಾಳ್ರಿ ಅಕಿ."

"ಹಾಲು ಬಂದಿತ್ತೇನು?"

"ಒಂದ್ ಹನಿ ಬರಲಿಲ್ರಿ. ಆಡಿನ ಹಾಲ ಹಾಕಿ ಬೆಳೆಸೀವಿ ಕೂಸಿಗಿ."

"ಆಮೇಲೆ ಮುಟ್ಟು?"

"ಅವತ್ತಿನಿಂದ ಇಲ್ಲೇ ಇಲ್ರಿ. ಬಾಣಂತನದಾಗ ಥಂಡಿ ಹತ್ತ್ಯದ ಅಂದ್ರು ಎಲ್ಲಾರೂ."

ಮೂರು ಪ್ರಶ್ನೆ, ಎರಡು ನಿಮಿಷ. ಚೀಲದ ತುಂಬ ಇದ್ದ ಆ ಚೀಟಿಗಳಲ್ಲಿ ಎಲ್ಲೂ ಈ ಹೆರಿಗೆಯ ಬಗ್ಗೆ ಒಂದು ಸಾಲು ಇರಲಿಲ್ಲ. ರಕ್ತ ಕಮ್ಮಿ ನೋಡಿದವರು ರಕ್ತ ನೋಡಿದರು. ಮುಟ್ಟು ನೋಡಿದವರು ಮುಟ್ಟು ನೋಡಿದರು. ಮನಸ್ಸು ನೋಡಿದವರು ಮನಸ್ಸು ನೋಡಿದರು. ಎಲ್ಲವೂ ಒಂದೇ ಬೆಳಿಗ್ಗೆಯಿಂದ ಶುರುವಾಗಿದ್ದು ಅಂತ ತಾಯಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಗ್ರಂಥಿಗೆ ಏನಾಗಿತ್ತು

ಪಿಟ್ಯುಟರಿ ಕಡಲೆಕಾಳಿನಷ್ಟು ದೊಡ್ಡದು, ಅರ್ಧ ಗ್ರಾಂ ತೂಕ. ಥೈರಾಯ್ಡ್‌ಗೆ, ಕಿಡ್ನಿ ಮೇಲಿರುವ ಅಡ್ರಿನಲ್‌ಗೆ, ಅಂಡಾಶಯಕ್ಕೆ ಕೆಲಸ ಹಚ್ಚುವ ಹಾರ್ಮೋನ್‌ಗಳು ಇಲ್ಲಿಂದ ಹೋಗುತ್ತವೆ. ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಕೂಡ ಇಲ್ಲಿಯದೇ. ಬಸುರಿಯಲ್ಲಿ ಈ ಪ್ರೊಲ್ಯಾಕ್ಟಿನ್ ಜೀವಕೋಶಗಳು ಹೆಚ್ಚಿ ಗ್ರಂಥಿ ದಪ್ಪಗಾಗುತ್ತದೆ. ದಪ್ಪಗಾದಷ್ಟು ಅದಕ್ಕೆ ರಕ್ತವೂ ಜಾಸ್ತಿ ಬೇಕು. ಆದರೆ ಮುಂಭಾಗಕ್ಕೆ ರಕ್ತ ನೇರವಾಗಿ ಬರುವುದಿಲ್ಲ. ಮೇಲಿನ ಹೈಪೊಥಲಾಮಸ್ ದಾಟಿ, ಕಮ್ಮಿ ಒತ್ತಡದ ಸಣ್ಣ ನಾಳಗಳಲ್ಲಿ ಇಳಿದು ಬರುತ್ತದೆ. ನಮ್ಮ ಕಡೆ ಕಾಲುವೆಯ ಕೊನೆಯ ಹೊಲ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ: ಮೇಲೆ ನೀರು ಇಳಿದರೆ ಮೊದಲು ಒಣಗುವುದು ಆ ಹೊಲವೇ. ಹೆರಿಗೆಯಲ್ಲಿ ರಕ್ತ ಸುರಿದು ಬಿಪಿ ಬಿದ್ದಾಗ ಗ್ರಂಥಿಯ ಮುಂಭಾಗ ಹಾಗೆ ಸಾಯುತ್ತದೆ. ಹಿಂಭಾಗಕ್ಕೆ ಅಪಧಮನಿಯಿಂದ ನೇರ ರಕ್ತ ಬರುವುದರಿಂದ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

1937ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಶೀಹನ್ ಎಂಬ ರೋಗಶಾಸ್ತ್ರಜ್ಞರು ಹೆರಿಗೆಯ ನಂತರ ತೀರಿಕೊಂಡ ಹೆಂಗಸರ ಪಿಟ್ಯುಟರಿಯನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ಹೆರಿಗೆ ಸುರಕ್ಷಿತವಾದ ದೇಶಗಳಲ್ಲಿ ಈಗ ಇದು ಅಪರೂಪ. ನಮ್ಮಲ್ಲಿ ಅಲ್ಲ. ಕಾಶ್ಮೀರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂರು ಮಂದಿಗೆ ಇದು ಕಂಡುಬಂದಿತ್ತು. ಅವರಲ್ಲಿ ಹೆಚ್ಚಿನವರು ಮನೆಯಲ್ಲೇ ಹೆತ್ತವರು.

ಯಾವುದು ಮೊದಲು

ಅನುಮಾನ ಬಂದ ಮೇಲೆ ತೆಗೆದುಕೊಂಡ ತೀರ್ಮಾನ ಇದು: ಅಡ್ರಿನಲ್ ತಯಾರಿಸುವ ಕಾರ್ಟಿಸೋಲ್ ಹಾರ್ಮೋನ್ ಪರೀಕ್ಷೆಗೆ ಒಂದು ಟ್ಯೂಬ್ ರಕ್ತ ತೆಗೆದಿಟ್ಟು, ರಿಪೋರ್ಟ್‌ಗೆ ಕಾಯದೆ ಅದರ ಬದಲಿಗೆ ಕೊಡುವ ಸ್ಟಿರಾಯ್ಡ್, ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ನರಕ್ಕೆ ಕೊಟ್ಟೆವು. ರಿಪೋರ್ಟ್ ಮರುದಿನ ಬರುವುದಿತ್ತು. ಅಷ್ಟು ಹೊತ್ತು ಅವರಿಗೆ ಇರಲಿಲ್ಲ. ಸೋಂಕೇ ಆಗಿದ್ದರೂ ಒಂದು ದಿನದ ಹೈಡ್ರೋಕಾರ್ಟಿಸೋನ್‌ನಿಂದ ದೊಡ್ಡ ನಷ್ಟ ಇಲ್ಲ. ಕೊಡದೆ ಇದ್ದು ಅನುಮಾನ ನಿಜವಾದರೆ ಜೀವ ಹೋಗುತ್ತದೆ. ಆಂಟಿಬಯಾಟಿಕ್ ನಿಲ್ಲಿಸಲಿಲ್ಲ. ಥೈರಾಕ್ಸಿನ್ ಮಾತ್ರ ನಿಲ್ಲಿಸಿದೆವು.

ಸಂಜೆಗೆ ಬಿಪಿ 104/66. ಪಂಪ್ ಬೇಕಾಗಲಿಲ್ಲ. ರಾತ್ರಿ ಎಂಟಕ್ಕೆ ಮಹಾದೇವಿ "ಅವ್ವಾ, ನೀರು ಕೊಡು" ಅಂದರು. ಮೂರು ದಿನದಲ್ಲಿ ಅವರು ಆಡಿದ ಮೊದಲ ಪೂರ್ತಿ ಮಾತು ಅದು ಎಂದು ಅಣ್ಣ ಹೇಳಿದರು.

ನಿಜವಾದ ಅಪಾಯ ಆ ರಾತ್ರಿಯೇ ಇತ್ತು. ಕಾರ್ಟಿಸೋಲ್ ಇಲ್ಲದಾಗ ನೀರು ಹಿಡಿದಿಡುವ ಹಾರ್ಮೋನ್ ಜಾಸ್ತಿ ಸುರಿಯುತ್ತದೆ. ಅದಕ್ಕೇ ಮೈಯಲ್ಲಿ ನೀರು ಕೂತು ಸೋಡಿಯಂ ತೆಳುವಾಗುತ್ತದೆ. ಹೈಡ್ರೋಕಾರ್ಟಿಸೋನ್ ಹೋದ ಕೂಡಲೇ ಆ ಕಟ್ಟು ಬಿಡುತ್ತದೆ. ಮೂತ್ರ ಲೀಟರ್‌ಗಟ್ಟಲೆ ಹೋಗುತ್ತದೆ. ಸೋಡಿಯಂ ತಾನಾಗಿಯೇ ಸರಸರ ಏರುತ್ತದೆ. ಏರಲಿ ಬಿಡಿ ಅನಿಸಬಹುದು. ಆದರೆ 24 ಗಂಟೆಯಲ್ಲಿ 8ಕ್ಕಿಂತ ಜಾಸ್ತಿ ಏರದ ಹಾಗೆ ನೋಡಿಕೊಳ್ಳಬೇಕು, ಅದರಲ್ಲೂ ಊಟ ಬಿಟ್ಟು ಸೊರಗಿದವರಲ್ಲಿ. ವೇಗವಾಗಿ ಏರಿದರೆ ಮೆದುಳಿನ ನರಗಳ ಹೊದಿಕೆ ಹಾಳಾಗಿ, ಕೆಲವು ದಿನ ಬಿಟ್ಟು ಮಾತು, ನುಂಗುವುದು, ಕೈಕಾಲು ಎಲ್ಲ ಹೋಗಬಹುದು. ಬದುಕಿಸಿದ ರೋಗಿಯನ್ನು ಚಿಕಿತ್ಸೆಯೇ ಕೆಡಿಸಿದ ಹಾಗೆ ಆಗುತ್ತದೆ.

ಅದಕ್ಕೆ ನಾಲ್ಕು ಗಂಟೆಗೊಮ್ಮೆ ಸೋಡಿಯಂ ನೋಡಬೇಕು, ಗಂಟೆಗೊಮ್ಮೆ ಮೂತ್ರ ಅಳೆಯಬೇಕು ಎಂದು ಬರೆದಿದ್ದೆವು. ಹತ್ತು ಗಂಟೆಗೆ ಮೂತ್ರದ ಚೀಲ ತುಂಬಿತು. ಸೋಡಿಯಂ 118. ಬೆಳಗಿನಿಂದ 8 ಏರಿ ಆಗಿತ್ತು. ಅಲ್ಲಿಗೆ ಸಲೈನ್ ನಿಲ್ಲಿಸಿ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹಚ್ಚಿದೆವು. ಸೋಡಿಯಂ ಕಮ್ಮಿ ಇರುವ ರೋಗಿಗೆ ಸಲೈನ್ ತೆಗೆದು ಸಕ್ಕರೆ ನೀರು ಹಚ್ಚುವುದನ್ನು ಕಂಡು ರಾತ್ರಿ ಪಾಳಿಯ ನರ್ಸ್ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹಾಗೆ ಕೇಳುವ ನರ್ಸ್ ಪ್ರತಿ ವಾರ್ಡಿನಲ್ಲೂ ಇರಬೇಕು. ಬೆಳಿಗ್ಗೆ ಸೋಡಿಯಂ 118ರಲ್ಲೇ ಇತ್ತು. ಮುಂದಿನ ದಿನಗಳಲ್ಲಿ ನಿಧಾನಕ್ಕೆ ಏರಿ ವಾರದೊಳಗೆ 136ಕ್ಕೆ ಬಂತು.

ರಿಪೋರ್ಟ್‌ಗಳು ಒಂದೊಂದಾಗಿ ಬಂದವು. ಇಂಜೆಕ್ಷನ್‌ಗೆ ಮೊದಲು ತೆಗೆದ ಕಾರ್ಟಿಸೋಲ್ 1.2. ಅಂಥ ಸಂಕಟದಲ್ಲಿರುವ ಮೈಯಲ್ಲಿ ಅದು 20ರ ಸುತ್ತ ಅಥವಾ ಇನ್ನೂ ಮೇಲೆ ಇರಬೇಕಿತ್ತು. ಪ್ರೊಲ್ಯಾಕ್ಟಿನ್ ತಳ ಹಿಡಿದಿತ್ತು. ಅಂಡಾಶಯಕ್ಕೆ ಹೋಗುವ ಎರಡು ಹಾರ್ಮೋನ್‌ಗಳೂ ಕಮ್ಮಿ. ಎಂಆರ್‌ಐನಲ್ಲಿ ಗ್ರಂಥಿ ಕೂರುವ ಎಲುಬಿನ ಗುಳಿಯಲ್ಲಿ ಬರೀ ನೀರು ಕಂಡಿತು, ತಳದಲ್ಲಿ ಗ್ರಂಥಿಯ ಒಂದು ತೆಳು ಪದರ ಅಷ್ಟೇ. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಆಂಟಿಬಯಾಟಿಕ್ ನಿಲ್ಲಿಸಿದೆವು. ಪೊಟ್ಯಾಸಿಯಂ ಸರಿ ಇದ್ದದ್ದು, ಮೈ ಕಪ್ಪಾಗದೆ ಬಿಳಿಚಿದ್ದು ಯಾಕೆ ಎಂಬುದೂ ಈಗ ಹೊಂದಿಕೆಯಾಯಿತು. ಅಡ್ರಿನಲ್ ಗ್ರಂಥಿಯೇ ಕೆಟ್ಟಿದ್ದರೆ ಪೊಟ್ಯಾಸಿಯಂ ಏರುತ್ತದೆ, ಚರ್ಮ ಕಪ್ಪಾಗುತ್ತದೆ. ಇಲ್ಲಿ ಅಡ್ರಿನಲ್ ಸರಿ ಇತ್ತು, ಅದಕ್ಕೆ ಕೆಲಸ ಹಚ್ಚುವವರು ಇರಲಿಲ್ಲ.

ಥೈರಾಯ್ಡ್ ರಿಪೋರ್ಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಚೀಲದಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಹಚ್ಚುವ ಹಾರ್ಮೋನ್) ಮಾತ್ರ ಮಾಡಿಸಿದ ಮೂರು ಹಳೆಯ ರಿಪೋರ್ಟ್ ಇದ್ದವು. ಮೂರರಲ್ಲೂ ಟಿಎಸ್‌ಎಚ್ 3ರ ಆಸುಪಾಸು, ಅಂದರೆ ನಾರ್ಮಲ್. "ಥೈರಾಯ್ಡ್ ಇಲ್ಲ" ಎಂದು ಪೆನ್ನಿನಲ್ಲಿ ಬರೆದೂ ಇದ್ದರು. ಟಿಎಸ್‌ಎಚ್ ಬರುವುದೇ ಪಿಟ್ಯುಟರಿಯಿಂದ. ಥೈರಾಯ್ಡ್ ಸೋತಾಗ ಅದು ಏರುತ್ತದೆ ಎಂಬ ಲೆಕ್ಕ ಪಿಟ್ಯುಟರಿ ಚೆನ್ನಾಗಿದ್ದಾಗ ಮಾತ್ರ ನಡೆಯುತ್ತದೆ. ಪಿಟ್ಯುಟರಿಯೇ ಸತ್ತಿದ್ದರೆ ಟಿಎಸ್‌ಎಚ್ ನಾರ್ಮಲ್ ಕಾಣಬಹುದು, ಫ್ರೀ ಟಿ4, ಅಂದರೆ ಥೈರಾಯ್ಡ್ ತಯಾರಿಸುವ ಹಾರ್ಮೋನ್, ಪಾತಾಳದಲ್ಲಿ ಇರಬಹುದು. ಮಹಾದೇವಿಯವರ ಫ್ರೀ ಟಿ4 0.3 ಇತ್ತು. ಲಕ್ಷಣ ಗಟ್ಟಿಯಾಗಿದ್ದು ಟಿಎಸ್‌ಎಚ್ ನಾರ್ಮಲ್ ಬಂದರೆ ಫ್ರೀ ಟಿ4 ಮಾಡಿಸಿ. ಕೆಲವು ನೂರು ರೂಪಾಯಿಯ ಆ ಪರೀಕ್ಷೆ ಇಲ್ಲಿ ವರ್ಷಗಳನ್ನು ಉಳಿಸುತ್ತಿತ್ತು.

ಥೈರಾಕ್ಸಿನ್ ಬರೆದ ಕ್ಲಿನಿಕ್‌ನವರು ಫ್ರೀ ಟಿ4 ಮಾಡಿಸಿದ್ದರು. ಅಷ್ಟು ವರ್ಷದಲ್ಲಿ ಕಾಯಿಲೆಯ ತೀರಾ ಹತ್ತಿರ ಬಂದವರು ಅವರೇ. ಟಿ4 ಕಮ್ಮಿ, ಟಿಎಸ್‌ಎಚ್ ನಾರ್ಮಲ್ ಎಂಬ ಜೋಡಿಯನ್ನು ಕಂಡಾಗ ಕಾರ್ಟಿಸೋಲ್ ನೋಡುವುದೊಂದು ಬಾಕಿ ಉಳಿಯಿತು. ಥೈರಾಕ್ಸಿನ್ ಮೈಯ ಚಟುವಟಿಕೆಯನ್ನು ಏರಿಸುತ್ತದೆ, ಇದ್ದಬದ್ದ ಕಾರ್ಟಿಸೋಲ್ ಬೇಗ ಖರ್ಚಾಗುತ್ತದೆ. ಕಾರ್ಟಿಸೋಲ್ ಮೊದಲೇ ಇಲ್ಲದವರು ಅದರಿಂದ ಕುಸಿದು ಬೀಳುತ್ತಾರೆ. ಹಾಗಾಗಿ ಸ್ಟಿರಾಯ್ಡ್ ಮೊದಲು, ಥೈರಾಕ್ಸಿನ್ ಆಮೇಲೆ. ನಾವು ಆರನೇ ದಿನ 50 ಮೈಕ್ರೋಗ್ರಾಂನಿಂದ ಥೈರಾಕ್ಸಿನ್ ಮತ್ತೆ ಶುರು ಮಾಡಿದೆವು. ಇಂಥವರಲ್ಲಿ ಡೋಸ್ ಸರಿ ಇದೆಯಾ ಎಂದು ಟಿಎಸ್‌ಎಚ್ ನೋಡಿ ತಿಳಿಯುವುದಿಲ್ಲ, ಫ್ರೀ ಟಿ4 ನೋಡಬೇಕು.

ಮನೆಗೆ ಹೋದ ಮೇಲೆ

ಬಿಡುಗಡೆಗೆ ಮೊದಲು ಅಣ್ಣನಿಗೆ ಒಂದು ಕೆಲಸ ಹೇಳಿದೆವು. ಊರಿನ ಹತ್ತಿರದ ಮೆಡಿಕಲ್ ಅಂಗಡಿಗಳಲ್ಲಿ ಹೈಡ್ರೋಕಾರ್ಟಿಸೋನ್ ಮಾತ್ರೆ ಸಿಗುತ್ತದಾ ನೋಡಿ ಬನ್ನಿ ಎಂದು. ಎಲ್ಲೂ ಇರಲಿಲ್ಲ. ಹೈಡ್ರೋಕಾರ್ಟಿಸೋನ್ ಮೈಯದೇ ಹಾರ್ಮೋನ್, ಪುಸ್ತಕ ಅದನ್ನೇ ಮೊದಲು ಹೇಳುತ್ತದೆ. ಆದರೆ ದಿನಕ್ಕೆ ಎರಡು ಮೂರು ಸಲ ತಗೊಳ್ಳಬೇಕು, ಕಲಬುರಗಿಗೆ ಬಂದು ಒಯ್ಯಬೇಕು. ಅದೇ ಕೆಲಸ ಮಾಡುವ ಇನ್ನೊಂದು ಸ್ಟಿರಾಯ್ಡ್ ಪ್ರೆಡ್ನಿಸೊಲೋನ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಬೆಳಿಗ್ಗೆ ಒಂದೇ ಸಲ ಸಾಕು. ಒಂದು ದಿನವೂ ತಪ್ಪಬಾರದ ಮಾತ್ರೆ ಕೈಗೆ ಸಿಗುವಂಥದ್ದೇ ಆಗಿರಬೇಕು. ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ಬರೆದೆವು.

ಆರು ವಾರಕ್ಕೆ ಬಂದಾಗ ತಾವೇ ನಡೆದು ಒಳಗೆ ಬಂದರು. ಧ್ವನಿ ಬದಲಾಗಿತ್ತು. ರೊಟ್ಟಿ ಬಡಿಯುತ್ತೇನೆ, ಮಧ್ಯಾಹ್ನ ಮಲಗುವುದಿಲ್ಲ ಎಂದರು. ಹಿಮೋಗ್ಲೋಬಿನ್ 11 ದಾಟಿತ್ತು, ಕಬ್ಬಿಣದ ಮಾತ್ರೆ ಇಲ್ಲದೆಯೇ. ಖಿನ್ನತೆಯ ಮಾತ್ರೆಯನ್ನು ಮನೋವೈದ್ಯರು ಮುಂದೆ ಹಂತಹಂತವಾಗಿ ನಿಲ್ಲಿಸಿದರು.

ಚಳಿಗಾಲದಲ್ಲಿ, ಎಳ್ಳ ಅಮಾವಾಸ್ಯೆಯ ಹೊತ್ತಿಗೆ, ಮತ್ತೆ ಕುಸಿದರು. ಹಬ್ಬಕ್ಕೆ ಬಂದ ನೆಂಟರೊಬ್ಬರು ಮಾತ್ರೆ ನೋಡಿ ಇದು ಸ್ಟಿರಾಯ್ಡ್, ಮುಖ ಊದುತ್ತದೆ, ಕಿಡ್ನಿ ಹೋಗುತ್ತದೆ ಎಂದಿದ್ದಾರೆ. ಮೊದಲು ಅರ್ಧ ಮಾಡಿದರು, ಆಮೇಲೆ ಬಿಟ್ಟರು. ಆರೋಗ್ಯ ಚೆನ್ನಾಗಿರುವಾಗ ಮಾತ್ರೆ ಯಾಕೆ ಎಂದು ಅವರಿಗೂ ಅನಿಸಿತ್ತು. ಕೆಲವು ದಿನಕ್ಕೆ ವಾಂತಿ, ತಲೆಸುತ್ತು, ಎದ್ದು ನಿಲ್ಲಲಾಗದ ಸ್ಥಿತಿ.

ಈ ಸಲ ಅವರ ಹತ್ತಿರ ಒಂದು ಕಾರ್ಡ್ ಇತ್ತು. ಬಿಡುಗಡೆಯ ದಿನ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಕೊಟ್ಟದ್ದು: "ಇವರ ಪಿಟ್ಯುಟರಿ ಗ್ರಂಥಿ ಕೆಲಸ ಮಾಡುವುದಿಲ್ಲ. ವಾಂತಿ, ಸುಸ್ತು, ಪ್ರಜ್ಞೆ ತಪ್ಪುವುದು ಆದರೆ ತಡ ಮಾಡದೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್ ಕೊಡಿ, ಸಕ್ಕರೆ ನೋಡಿ, ಸಲೈನ್ ಹಚ್ಚಿ, ಆಮೇಲೆ ಕಳಿಸಿ." ಮಗಳು ಆ ಕಾರ್ಡನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದಳು. ಅಲ್ಲಿ ಇಂಜೆಕ್ಷನ್ ಇತ್ತು, ಅಲರ್ಜಿ ಮತ್ತು ದಮ್ಮಿಗೆ ಇಟ್ಟಿದ್ದು. ಕೊಟ್ಟು, 108ರಲ್ಲಿ ಕಳಿಸಿದರು. ನಮ್ಮ ಹತ್ತಿರ ಬಂದಾಗ ಬಿಪಿ ಆಗಲೇ 100 ಇತ್ತು. ಒಂದು ದಿನ ಇಟ್ಟುಕೊಂಡು ಕಳಿಸಿದೆವು. ಮೇ ತಿಂಗಳ ದಾಖಲಾತಿಗೂ ಇದಕ್ಕೂ ಇದ್ದ ವ್ಯತ್ಯಾಸ ಆ ಕಾರ್ಡ್ ಒಂದೇ.

ಆಗಲೇ ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಿದೆ. "ಸ್ಟಿರಾಯ್ಡ್ ತಗೊಂಡ್ರ ಕಿಡ್ನಿ ಹೋಗ್ತಾವ ಅಂತಾರಲ್ರಿ?" ಎಂದು ನೇರವಾಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮ ಕಡೆ ಮೊಣಕಾಲು ನೋವಿಗೆ, ದಮ್ಮಿಗೆ ಹೇಳದೆ ಕೇಳದೆ ಸ್ಟಿರಾಯ್ಡ್ ಕೊಟ್ಟು ಮುಖ ಊದಿಸಿಕೊಂಡವರನ್ನು ಜನ ಕಣ್ಣಾರೆ ನೋಡಿದ್ದಾರೆ, ಹೆದರಿಕೆ ಸುಮ್ಮನೆ ಬಂದದ್ದಲ್ಲ. ನಾನು ಹೇಳಿದ್ದು ಇಷ್ಟು: "ಅತ್ತಿಯವರ, ಈ ವಸ್ತು ನಿಮ್ಮ ಮೈಯಾಗ, ನನ್ನ ಮೈಯಾಗ ದಿನಾ ತಯಾರಾಗ್ತದ. ಇಕಿ ಮೈಯಾಗ ಆಗಂಗಿಲ್ಲ. ಹೆಚ್ಚಿಗಿ ಕೊಡೋದು ಬ್ಯಾರೆ, ಇಲ್ಲದ್ದು ತುಂಬೋದು ಬ್ಯಾರೆ. ನಾವ್ ತುಂಬ್ಲತ್ತೀವಿ ಅಷ್ಟೇ." ಆಮೇಲೆ ಮಾತ್ರೆಯ ಹೊಣೆಯನ್ನು ಅವರೇ ವಹಿಸಿಕೊಂಡರು.

ಜ್ವರ ಬಂದರೆ ಎರಡು ಮೂರು ದಿನ ಸ್ಟಿರಾಯ್ಡ್ ಡಬಲ್ ಮಾಡಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು, ಹಲ್ಲು ಕೀಳಿಸುವುದಿದ್ದರೂ ಮೊದಲು ವೈದ್ಯರಿಗೆ ಹೇಳಬೇಕು. ಉಪವಾಸದ ದಿನವೂ ಮಾತ್ರೆ ಬಿಡುವಂತಿಲ್ಲ. ಇದನ್ನೆಲ್ಲ ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ಪ್ರಶ್ನೆ ಕೇಳಿ ಅವಳಿಂದ ಉತ್ತರ ಹೇಳಿಸಿದೆ. ಒಂದು ಸಲ ಹೇಳಿ ಕಳಿಸಿದರೆ ಸಾಲದು, ಅವರ ಬಾಯಿಂದ ವಾಪಸ್ ಕೇಳಬೇಕು.

ಇನ್ನೊಂದು ತೀರ್ಮಾನ ಕಷ್ಟದ್ದಾಗಿತ್ತು. ಎರಡನೇ ಮಗು ಆಗಬಹುದಾ ಎಂದು ಗಂಡ ಕೇಳಿದರು. ಆಗಬಹುದು. ಅಂಡಾಶಯ ಸತ್ತಿಲ್ಲ, ಪಿಟ್ಯುಟರಿಯ ಹಾರ್ಮೋನ್‌ಗಳನ್ನು ಇಂಜೆಕ್ಷನ್ ಆಗಿ ಕೊಟ್ಟು ಅಂಡ ಬೆಳೆಸಬಹುದು. ಖರ್ಚು ಜಾಸ್ತಿ, ಓಡಾಟ ಜಾಸ್ತಿ, ಆಗೇ ಆಗುತ್ತದೆ ಎಂಬ ಖಾತ್ರಿ ಇಲ್ಲ, ಬಸುರಿಯಾದರೆ ಸ್ಟಿರಾಯ್ಡ್ ಮತ್ತು ಥೈರಾಕ್ಸಿನ್ ಎರಡನ್ನೂ ಬಿಗಿಯಾಗಿ ನೋಡಬೇಕು. ಎಲ್ಲ ಹೇಳಿ ಅವರಿಗೇ ಬಿಟ್ಟೆವು. ಮಹಾದೇವಿ ಬೇಡ ಅಂದರು. ಗಂಡ ಒಪ್ಪಿದರು. ಆ ಮಾತು ಮನೆಯಲ್ಲಿ ಅಲ್ಲಿಗೆ ನಿಂತಿತು ಎಂಬುದೇ ಅವರಿಗೆ ದೊಡ್ಡ ಬಿಡುಗಡೆ ಆಗಿತ್ತು.

ಹೆರಿಗೆ ಮನೆಯಲ್ಲೇ ಇದನ್ನು ಹಿಡಿಯಬಹುದಾ?

ತಡೆಯಬಹುದು. ಮಗು ಹುಟ್ಟಿದ ಒಂದು ನಿಮಿಷದೊಳಗೆ ತೊಡೆಗೆ ಕೊಡುವ ಆಕ್ಸಿಟೋಸಿನ್ 10 ಯೂನಿಟ್ ಬಹಳಷ್ಟು ರಕ್ತಸ್ರಾವವನ್ನು ನಿಲ್ಲಿಸುತ್ತದೆ. ಮಾಸು ಬೀಳದಿದ್ದರೆ ಗಂಟೆಗಟ್ಟಲೆ ಕಾಯಬಾರದು. ಈಗ ನಮ್ಮ ಜಿಲ್ಲೆಗಳಲ್ಲಿ ಹೆಚ್ಚಿನ ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೂ ಆಸ್ಪತ್ರೆಯಲ್ಲಿ ಹೆತ್ತವರಿಗೂ ರಕ್ತ ಹೋಗುತ್ತದೆ.

ಹೋದ ಮೇಲೆ ಹಿಡಿಯುವ ಅವಕಾಶವೂ ನಮ್ಮ ಕೈಯಲ್ಲೇ ಇದೆ. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ 3, 7, 14, 21, 28, 42ನೇ ದಿನ ಹೋಗುತ್ತಾರೆ. ಮಗು ಹಾಲು ಕುಡಿಯುತ್ತಿದೆಯಾ ಎಂದು ಕೇಳುತ್ತಾರೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತು, ರಕ್ತ ಹಾಕಿದ್ದರು, ವಾರ ಕಳೆದರೂ ಹಾಲು ಒಂದು ಹನಿ ಇಲ್ಲ: ಈ ಮೂರು ಸೇರಿದರೆ ಮೆಂತ್ಯ, ಬೆಳ್ಳುಳ್ಳಿ ಕೊಟ್ಟು ಕಾಯುವುದು ಬೇಡ, ಕಾರ್ಟಿಸೋಲ್ ಮತ್ತು ಫ್ರೀ ಟಿ4 ನೋಡಲು ಕಳಿಸಿ. ಹಾಲು ಕಮ್ಮಿಯಾಗಲು ಬೇರೆ ಕಾರಣಗಳು ಬಹಳ, ಅವೇ ಹೆಚ್ಚು. ಆದರೆ ರಕ್ತ ಹೋದ ಕಥೆ ಜೊತೆಗಿದ್ದರೆ ಅದನ್ನು ಬೇರೆಯಾಗಿಯೇ ನೋಡಬೇಕು. ನಮ್ಮ ಒಪಿಡಿಯಲ್ಲಿ ಸುಸ್ತು ಎಂದು ಬರುವ ಪ್ರತಿ ಹೆಂಗಸಿನ ಕೇಸ್ ಪೇಪರ್‌ನಲ್ಲಿ ಈಗ ಕೊನೆಯ ಹೆರಿಗೆಯ ಬಗ್ಗೆ ಒಂದು ಸಾಲು ಇರುತ್ತದೆ.

ಸದ್ಯ ಮಹಾದೇವಿ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ, ಥೈರಾಕ್ಸಿನ್ 75 ಮೈಕ್ರೋಗ್ರಾಂ ತಗೊಳ್ಳುತ್ತಿದ್ದಾರೆ. ಎಲುಬು ಸವೆಯದಿರಲಿ ಎಂದು ಮುಟ್ಟಿನ ಹಾರ್ಮೋನ್‌ಗಳೂ ನಡೆಯುತ್ತಿವೆ. ಬೆಳವಣಿಗೆ ಹಾರ್ಮೋನ್ ಕೊಟ್ಟಿಲ್ಲ, ಆ ಇಂಜೆಕ್ಷನ್‌ಗಳ ಖರ್ಚು ಅವರ ಕೈಗೆ ನಿಲುಕುವುದಲ್ಲ ಎಂದು ಮೊದಲೇ ಹೇಳಿದ್ದೇವೆ. ಬಗಲಿನ ಕೂದಲು ಬಂದಿಲ್ಲ, ಬರುವ ಸಾಧ್ಯತೆಯೂ ಕಮ್ಮಿ. ಸಂಜೆ ಹೊತ್ತು ಇನ್ನೂ ಸ್ವಲ್ಪ ಸುಸ್ತು ಇದೆ. ತೊಗರಿ ರಾಶಿಯ ಕೆಲಸಕ್ಕೆ ಈ ವರ್ಷ ಹೋಗಿದ್ದರು. ಎಲುಬಿನ ಸಾಂದ್ರತೆ ಪರೀಕ್ಷೆ ಮುಂದಿನ ಭೇಟಿಗೆ ಬಾಕಿ ಇದೆ.